ನುಡಿ ಫೈಲುಗಳನ್ನು ಹೊತ್ತುಕೊಂಡು ಲಿನಕ್ಸ್‌ಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್‌ಗಳು ನಿಂತವು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಅದೇ. ವಿಂಡೋಸ್ 11 ಹಾಕಿಸೋಣ ಎಂದರೆ ಅದಕ್ಕೆ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು, ಜೊತೆಗೆ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ ಬೇಕು. ನನ್ನದು 5ನೇ ತಲೆಮಾರಿನ ಐ5. ಹಾಗಂತ ಅದೇನೂ ಕೆಟ್ಟು ಕೂತಿರಲಿಲ್ಲ. ಹಿಂದೆ ಒಮ್ಮೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿದ್ದೆ. ಕೀಬೋರ್ಡಿನ ಮೇಲಿನ ಕೆಲವು ಅಕ್ಷರ ಅಳಿಸಿಹೋಗಿದ್ದವು, ಅಷ್ಟೆ.

ಒಂದು ವರ್ಷದ ಮಟ್ಟಿಗೆ, 2026ರ ಅಕ್ಟೋಬರ್‌ವರೆಗೆ, ಭದ್ರತಾ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯನ್ನು ಮೈಕ್ರೋಸಾಫ್ಟ್ ಕೊಟ್ಟಿತ್ತು. ಆದರೆ ಅದು ಪ್ರಶ್ನೆಯನ್ನು ಒಂದು ವರ್ಷ ಮುಂದೂಡುತ್ತದೆಯೇ ಹೊರತು ಬಗೆಹರಿಸುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಹತ್ತಿರ ಹತ್ತಿರ ಅರ್ಧ ಲಕ್ಷ ಸುರಿಯುವ ಮನಸ್ಸೂ ಇರಲಿಲ್ಲ. ನನ್ನ ಕೆಲಸ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ಕನ್ನಡ ಪುಸ್ತಕಗಳ ಕರಡು ತಿದ್ದುವುದು, ಪುಟ ಕಟ್ಟುವುದು. ಅದಕ್ಕೆ ಬೇಕಾದ್ದು ಅಕ್ಷರ ಕಾಣುವ ಪರದೆ, ಅಕ್ಷರ ಮೂಡುವ ಕೀಬೋರ್ಡ್.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ತುಂಬಾ ಸಲ ಹೇಳಿದ್ದ. "ಮಾವ, ಲಿನಕ್ಸ್ ಮಿಂಟ್ ಹಾಕ್ಕೊಳ್ಳಿ. ನಿಮಗೆ ಬೇಕಾದ್ದೆಲ್ಲ ಅದರಲ್ಲಿದೆ." ಬೇಕಾದ್ದೆಲ್ಲ ಇದೆಯೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಕನ್ನಡದಲ್ಲಿ ಟೈಪ್ ಮಾಡುವುದು ವಾಟ್ಸಾಪ್‌ನಲ್ಲಿ ಮಾತ್ರ. ಆದರೂ ಅವನ ಮಾತು ಕೇಳಿದೆ.

ಲಿನಕ್ಸ್ ಎಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ಅದು ಒಂದೇ ಅಲ್ಲ, ಹತ್ತಾರು ಬಗೆ. ಉಬುಂಟು, ಫೆಡೋರಾ, ಡೆಬಿಯನ್, ಹೀಗೆ. ಮಿಂಟ್ ಎನ್ನುವುದು ಉಬುಂಟು ಮೇಲೆ ಕಟ್ಟಿದ್ದು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ಬಳಸಿದವರಿಗೆ ಕೈ ತಡವರಿಸುವುದಿಲ್ಲ. ನಾನು ಹಾಕಿದ್ದು 2024ರಲ್ಲಿ ಬಂದ 22ನೇ ಆವೃತ್ತಿಯ ಸರಣಿ. ಇದಕ್ಕೆ 2029ರವರೆಗೂ ಅಪ್‌ಡೇಟ್ ಬರುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಒಳ್ಳೆಯದು ಎನ್ನುತ್ತಾರೆ. ನನ್ನ ಹತ್ತಿರ ಅದಕ್ಕಿಂತ ಜಾಸ್ತಿಯೇ ಇತ್ತು.

ಹಾಕುವ ವಿಧಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಸುಮಾರು 3 ಜಿಬಿಯ ಐಎಸ್‌ಒ ಫೈಲ್ ಇಳಿಸಿಕೊಳ್ಳಬೇಕು, ಇಡೀ ಲಿನಕ್ಸ್ ಆ ಒಂದೇ ಫೈಲಿನಲ್ಲಿರುತ್ತದೆ. ಅದನ್ನು ರೂಫಸ್ ಎಂಬ ಪುಟ್ಟ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ. ಲ್ಯಾಪ್‌ಟಾಪ್ ಶುರುವಾಗುವಾಗ ಎಫ್12 ಅಥವಾ ಎಸ್ಕೇಪ್ ಒತ್ತಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ಯಾವ ಕೀ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಇಷ್ಟಾದರೆ ಹಾರ್ಡ್‌ಡಿಸ್ಕ್ ಮುಟ್ಟದೆ ಇಡೀ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಸೌಂಡ್ ಬರುತ್ತದೆಯೇ, ವೈಫೈ ಸಿಗುತ್ತದೆಯೇ, ಪರದೆಯ ಬೆಳಕು ಕಡಿಮೆ ಜಾಸ್ತಿ ಆಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬಹುದು.

ನನಗೆ ಮೊದಲ ತೊಡಕು ಸಿಕ್ಕಿದ್ದೂ ಅಲ್ಲೇ. ವೈಫೈ ಇಲ್ಲ. ಪಟ್ಟಿಯಲ್ಲಿ ಒಂದು ಹೆಸರೂ ಬರಲಿಲ್ಲ. ಅಕ್ಕನ ಮಗ ಫೋನಿನಲ್ಲೇ ಕಾರಣ ಹೇಳಿದ. ಕೆಲವು ವೈಫೈ ಚಿಪ್‌ಗಳ ಕಂಪನಿಗಳು ತಮ್ಮ ಡ್ರೈವರ್‌ನ, ಅಂದರೆ ಆ ಚಿಪ್ ನಡೆಸುವ ಸಾಫ್ಟ್‌ವೇರ್‌ನ ಒಳಗುಟ್ಟು ಬಿಟ್ಟುಕೊಡುವುದಿಲ್ಲ. ಅಂಥವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿಸಲು ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕೆಂದರೆ ವೈಫೈ ಬೇಕು. ಒಳ್ಳೆ ಕಥೆ ಅಲ್ವಾ!

ದಾರಿ ಮಾತ್ರ ಸುಲಭವಾಗಿತ್ತು. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಫೋನಿನ ಇಂಟರ್ನೆಟ್ ಯಾವ ಡ್ರೈವರ್ ಕೇಳದೆ ಲಿನಕ್ಸ್‌ಗೆ ಸಿಗುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ಅಲ್ಲಿಗೇ ಕೈಬಿಟ್ಟಿರಬಹುದೋ.

ವಿಂಡೋಸ್ ಅಳಿಸದೆ ಪಕ್ಕದಲ್ಲೇ ಹಾಕುವುದು ಎಂದು ತೀರ್ಮಾನಿಸಿದೆ. ಅದಕ್ಕೂ ಮುಂಚೆ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಟ್ಟೆ. ಡಿಸ್ಕ್ ಪಾಲು ಮಾಡುವ ಪರದೆ ಬಂದಾಗ ಎದೆ ಹೊಡೆದುಕೊಳ್ಳದವರು ಯಾರೂ ಇಲ್ಲ ಅನ್ನಿಸುತ್ತದೆ. ಸಿ ಡ್ರೈವ್, ಡಿ ಡ್ರೈವ್ ಎಂಬ ಹೆಸರೇ ಅಲ್ಲಿಲ್ಲ. ಎಸ್‌ಡಿಎ1, ಎಸ್‌ಡಿಎ2 ಎಂದು ಇರುತ್ತದೆ. ಅಳತೆ ನೋಡಿ ಯಾವುದು ಯಾವುದು ಎಂದು ಗುರುತು ಹಿಡಿಯಬೇಕು. 'ವಿಂಡೋಸ್ ಜೊತೆಗೆ ಹಾಕು' ಎನ್ನುವ ಆಯ್ಕೆ ಮೊದಲೇ ಇರುವುದರಿಂದ ಅಷ್ಟು ಕಷ್ಟವಾಗಲಿಲ್ಲ. ಭಾಷೆ ಕೇಳಿದಾಗ ಇಂಗ್ಲಿಷ್ ಎಂದೇ ಆರಿಸಿಕೊಂಡೆ. ಕನ್ನಡವೂ ಪಟ್ಟಿಯಲ್ಲಿದೆ. ಆದರೆ ಏನಾದರೂ ತೊಂದರೆಯಾದಾಗ ಪರದೆಯ ಮೇಲಿನ ಸಾಲನ್ನೇ ಹುಡುಕಿ ಉತ್ತರ ಪಡೆಯಬೇಕಾಗುತ್ತದೆ, ಆ ಉತ್ತರಗಳೆಲ್ಲ ಇಂಗ್ಲಿಷ್ ಸಾಲಿಗೇ ಇರುವುದು.

ವೈಫೈ ಡ್ರೈವರ್ ಹಾಕುವಾಗ ಇನ್ನೊಂದು ಗಂಟು. ಗುರುತಿಲ್ಲದ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಹೊರಗಿನ ಡ್ರೈವರ್‌ಗೆ ಒಂದು ಕೀಲಿ ಒಪ್ಪಿಸಬೇಕು. ಮೊದಲು ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬರುತ್ತದೆ. ವಿಂಡೋಸ್‌ನಲ್ಲಿ ಬೆಳೆದವರಿಗೆ ನೀಲಿ ಪರದೆ ಎಂದರೆ ಏನೆಂದು ಗೊತ್ತಲ್ಲ. ಇದು ಆ ಥರದ್ದಲ್ಲ. 'ಎನ್‌ರೋಲ್ ಎಂಒಕೆ' ಎಂಬುದನ್ನು ಆರಿಸಿ, ಆಗ ಕೊಟ್ಟ ಪಾಸ್‌ವರ್ಡ್ ಮತ್ತೆ ಕೊಡಬೇಕು. ಮೇಲೇ ಇರುವ 'ಕಂಟಿನ್ಯೂ'ವನ್ನು ಒತ್ತಿದರೆ ಅದು ಏನೂ ಹೇಳದೆ ಮುಂದೆ ಹೋಗುತ್ತದೆ, ವೈಫೈ ಮಾತ್ರ ಬರುವುದಿಲ್ಲ. ಅಂತೂ ವೈಫೈ ಬಂತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಏನೋ ಬೇಕಾಗಿ ವಿಂಡೋಸ್‌ಗೆ ಹೋದೆ. ಅದರಲ್ಲಿ ಗಂಟೆ ನಾಲ್ಕೂವರೆ. ಬ್ರೌಸರ್ ತೆರೆದರೆ 'ನಿಮ್ಮ ಗಡಿಯಾರ ಹಿಂದಿದೆ' ಎಂದು ಯಾವ ಸೈಟನ್ನೂ ತೆರೆಯಲು ಬಿಡುತ್ತಿಲ್ಲ. ಸರಿ ಮಾಡಿದೆ. ಲಿನಕ್ಸ್‌ಗೆ ಹೋಗಿ ಬಂದರೆ ಮತ್ತೆ ಅದೇ. ಲೆಕ್ಕ ಹಾಕಿದಾಗ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಅಷ್ಟು ಕಂಡ ಮೇಲೆ ಕಾರಣ ತಾನಾಗೇ ಹೊಳೆಯಿತು. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಲ್ಯಾಪ್‌ಟಾಪ್‌ನೊಳಗೆ ಸಣ್ಣ ಬ್ಯಾಟರಿಯಲ್ಲಿ ಓಡುವ ಗಡಿಯಾರವೊಂದಿದೆ. ವಿಂಡೋಸ್ ಅದರಲ್ಲಿ ಊರಿನ ಸಮಯ ಇಡುತ್ತದೆ. ಲಿನಕ್ಸ್ ಅದರಲ್ಲಿ ಗ್ರೀನಿಚ್ ಸಮಯ ಇಟ್ಟು, ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. ಒಂದು ಮನೆಯಲ್ಲಿ ಇಬ್ಬರಿದ್ದರೆ ಯಾರಾದರೂ ಒಬ್ಬರು ತಗ್ಗಬೇಕು. ಆದೇಶಗಳನ್ನು ಟೈಪ್ ಮಾಡಿ ಕೊಡುವ ಟರ್ಮಿನಲ್‌ನಲ್ಲಿ ಒಂದೇ ಸಾಲು ಹೊಡೆದು ಲಿನಕ್ಸನ್ನೇ ತಗ್ಗಿಸಿದೆ. ವಿಂಡೋಸ್‌ನ ರಿಜಿಸ್ಟ್ರಿಯನ್ನು, ಅಂದರೆ ಅದರ ಒಳಗಿನ ಸೆಟ್ಟಿಂಗ್ಸ್ ಪಟ್ಟಿಯನ್ನು ತಿದ್ದಿ ಅದನ್ನು ತಗ್ಗಿಸುವುದೂ ಸಾಧ್ಯ, ಬಲ್ಲವರು ಅದೇ ಸರಿಯಾದ ದಾರಿ ಎನ್ನುತ್ತಾರೆ. ನನಗೆ ರಿಜಿಸ್ಟ್ರಿಗೆ ಕೈಹಾಕಲು ಧೈರ್ಯ ಸಾಲದು.

ಇದರ ತಮ್ಮನಂಥ ಇನ್ನೊಂದು ತೊಂದರೆ. ಲಿನಕ್ಸ್‌ನಿಂದ ನನ್ನ ಡಿ ಡ್ರೈವ್ ಕಾಣುತ್ತಿತ್ತು, ಫೈಲ್ ತೆರೆಯುತ್ತಿತ್ತು, ಸೇವ್ ಮಾತ್ರ ಆಗುತ್ತಿರಲಿಲ್ಲ. ಓದಬಹುದು, ಬರೆಯುವಂತಿಲ್ಲ. ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಬೇಗ ಏಳಲಿ ಎಂದು ಹಾಗೆ. ಆ ಸ್ಥಿತಿಯ ಡ್ರೈವ್‌ಗೆ ಹೊರಗಿನವರು ಬರೆದರೆ ಫೈಲು ಹಾಳಾದೀತು ಎಂದು ಲಿನಕ್ಸ್ ತಾನೇ ಹಿಂದೆ ಸರಿಯುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದ ಮೇಲೆ ಸರಿಹೋಯಿತು.

ಟರ್ಮಿನಲ್ ಎಂಬ ಕಪ್ಪು ಪರದೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮಿಂಟ್‌ನಲ್ಲಿ ದಿನನಿತ್ಯದ ಕೆಲಸಕ್ಕೆ ಅದು ಬೇಕಾಗುವುದೇ ಇಲ್ಲ. ಆದರೆ ತೊಂದರೆಗೆ ಪರಿಹಾರ ಹುಡುಕಿದರೆ ಸಿಗುವುದು ಮಾತ್ರ ಟರ್ಮಿನಲ್‌ನ ಸಾಲುಗಳೇ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದಿರಬಹುದು. ಕೀಬೋರ್ಡ್ ಸತ್ತಿಲ್ಲ, ಅದು ಇರುವುದೇ ಹಾಗೆ. ನನ್ನನ್ನು ನಿಜವಾಗಿ ಸತಾಯಿಸಿದ್ದು ಏರಿಯಲ್, ಟೈಮ್ಸ್ ನ್ಯೂ ರೋಮನ್ ಫಾಂಟುಗಳನ್ನು ಹಾಕುವ ಪ್ಯಾಕೇಜ್. ಮಧ್ಯದಲ್ಲಿ ಒಂದು ಕರಾರುಪತ್ರ ತೋರಿಸಿ ಕೆಳಗೆ 'ಓಕೆ' ಎಂದು ಇಟ್ಟಿರುತ್ತದೆ. ಮೌಸ್‌ನಿಂದ ಕ್ಲಿಕ್ ಮಾಡಿದರೆ ಏನೂ ಆಗದು. ಎಂಟರ್ ಒತ್ತಿದರೂ ಆಗದು. ಟ್ಯಾಬ್ ಒತ್ತಿ 'ಓಕೆ' ಕೆಂಪಾದ ಮೇಲೆ ಎಂಟರ್ ಒತ್ತಬೇಕು. ಇಷ್ಟನ್ನು ಆ ಪರದೆಯ ಮೇಲೇ ಒಂದು ಸಾಲು ಬರೆದಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ಆ ಪ್ಯಾಕೇಜ್‌ನಲ್ಲಿ ಕ್ಯಾಲಿಬ್ರಿ ಇರುವುದಿಲ್ಲ. ಅದಕ್ಕೆ ಬದಲು ಕಾರ್ಲಿಟೊ ಎಂಬ ಫಾಂಟ್ ಇದೆ. ಅಕ್ಷರಗಳ ಅಗಲ ಒಂದೇ ಅಳತೆಯದಾದ್ದರಿಂದ ಸಾಲು ಮುರಿಯುವ ಜಾಗ ಬದಲಾಗುವುದಿಲ್ಲ. ಇಂಗ್ಲಿಷ್‌ಗೆ ಈ ವ್ಯವಸ್ಥೆ ಚೆನ್ನಾಗಿದೆ. ಕನ್ನಡಕ್ಕೆ ಹಾಗಿಲ್ಲ. ವಿಂಡೋಸ್‌ನ ತುಂಗಾ ಫಾಂಟ್‌ನಲ್ಲೋ ನಿರ್ಮಲಾ ಫಾಂಟ್‌ನಲ್ಲೋ ಮಾಡಿದ ವರ್ಡ್ ಫೈಲು ಲಿನಕ್ಸ್‌ನಲ್ಲಿ ನೋಟೋ ಫಾಂಟ್‌ನಲ್ಲಿ ತೆರೆದುಕೊಂಡು, ಪುಟಗಳು ಹೆಚ್ಚು ಕಡಿಮೆಯಾಗುತ್ತವೆ. ಪುಟಸಂಖ್ಯೆ ಹಾಕಿ ಪರಿವಿಡಿ ಮಾಡಿದ್ದ ಪುಸ್ತಕವಾದರೆ ಪರಿವಿಡಿ ಮತ್ತೆ ಮಾಡಬೇಕು. ಅಂದಹಾಗೆ ಲಿನಕ್ಸ್‌ನಲ್ಲಿ ಸಿಗುವ ಕನ್ನಡ ಫಾಂಟುಗಳು ಬಡವಾಗಿಲ್ಲ. ನೋಟೋದಲ್ಲೇ ಸೆರಿಫ್ ಮತ್ತು ಸಾನ್ಸ್ ಎರಡೂ ಇವೆ. ಲೋಹಿತ್ ಇದೆ. ಅರವಿಂದ ವಿ.ಕೆ. ಅವರು ರೂಪಿಸಿದ ಗುಬ್ಬಿ, ನವಿಲು ಇವೆ. ನನಗೆ ಕರಡು ಓದಲು ನೋಟೋ ಸೆರಿಫ್ ಹಿಡಿಸಿತು. ಒತ್ತಕ್ಷರ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತದೆ.

ಈಗ ಟೈಪಿಂಗ್‌ಗೆ ಬರುತ್ತೇನೆ. ನನ್ನ ಬೆರಳು ಪಳಗಿರುವುದು ನುಡಿಯಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದರದು. 'ಕನ್ನಡ' ಎಂದು ಬರೆಯಲು ಇಂಗ್ಲಿಷ್‌ನ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತುತ್ತೇವೆ. ಎಫ್ ಎಂದರೆ ಒತ್ತು, ಡಬ್ಲ್ಯು ಎಂದರೆ ಡ. ಹೊಸಬರಿಗೆ ವಿಚಿತ್ರ ಅನ್ನಿಸಬಹುದು, ಆದರೆ ಒತ್ತುವ ಕೀಗಳು ಕಡಿಮೆ. ದಿನಕ್ಕೆ ಹತ್ತಾರು ಪುಟ ಹೊಡೆಯುವವರಿಗೆ ಅದರ ಬೆಲೆ ಗೊತ್ತು.

ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ 'ಕನ್ನಡ' ಎಂದು ಒಂದು, 'ಕನ್ನಡ, ಕಗಪ' ಎಂದು ಇನ್ನೊಂದು ಸಿಕ್ಕಿತು. ಮೊದಲನೆಯದು ಇನ್‌ಸ್ಕ್ರಿಪ್ಟ್, ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದ ಕೀಲಿಮಣೆ. ಎರಡನೆಯದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನಮ್ಮ ನುಡಿಯದೇ. ಖುಷಿಯಿಂದ ಅದನ್ನು ಆರಿಸಿ ಹೊಡೆಯಲು ಕೂತರೆ ಬೆರಳು ಒಂದು ಹೇಳುತ್ತದೆ, ಪರದೆ ಇನ್ನೊಂದು ಬರೆಯುತ್ತದೆ. ವ್ಯಂಜನಗಳೇನೋ ಸರಿ, ಸ್ವರಗಳಲ್ಲಿ ಎಡವಟ್ಟು. ನುಡಿಯಲ್ಲಿ ಇಂಗ್ಲಿಷ್‌ನ ದೊಡ್ಡ ಎ ಒತ್ತಿದರೆ ಪದದ ಶುರುವಿನಲ್ಲಿ ಆ ಬರುತ್ತದೆ, ವ್ಯಂಜನದ ನಂತರವಾದರೆ ಅದರ ಇಳಿ ಬರುತ್ತದೆ. ಎಲ್ಲಿ ಯಾವುದು ಎಂದು ಅದೇ ತಿಳಿದುಕೊಳ್ಳುತ್ತದೆ. ಈ ಸಾದಾ ಕೀಬೋರ್ಡ್ ಪಟ್ಟಿಗೆ ಆ ತಿಳಿವಳಿಕೆ ಇಲ್ಲ. ಹಿಂದಿನ ಅಕ್ಷರ ಏನಿತ್ತು ಎಂದು ಅದು ನೋಡುವುದೇ ಇಲ್ಲ, ಹಾಗಾಗಿ ಸ್ವರಕ್ಕೂ ಸ್ವರದ ಚಿಹ್ನೆಗೂ ಬೇರೆ ಬೇರೆ ಕೀ.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಇದ್ಯಾಕೋ ನುಡಿ ಥರ ಬರ್ತಿಲ್ಲ ಕಣೋ."

"ಮಾವ, ಅದು ಕೀಬೋರ್ಡ್ ಲೇಔಟ್. ನಿಮಗೆ ಬೇಕಾದ್ದು ಇನ್‌ಪುಟ್ ಮೆಥಡ್. ಅವೆರಡೂ ಬೇರೆ."

"ಎರಡರಲ್ಲೂ ಕನ್ನಡ ಇದೆ, ಎರಡರಲ್ಲೂ ಕೀಬೋರ್ಡ್ ಇದೆ. ಬೇರೆ ಹೇಗೋ ಆಗತ್ತೆ?"

ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಹುಡುಕಿ ಆಮೇಲೆ ಹೇಳಿದ. ಹಿಂದಿನ ಅಕ್ಷರ ನೋಡಿಕೊಂಡು ಬರೆಯುವ ಐಬಸ್ ಎಂಬ ವ್ಯವಸ್ಥೆ ಇದೆ. ಅದಕ್ಕೆ ಎಂ17ಎನ್ ಎಂಬ ಪ್ಯಾಕೇಜ್ ಸೇರಿಸಬೇಕು. ಆಗ ಕನ್ನಡದ ಕೆಳಗೆ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಕೆಜಿಪಿ ಎಂದೆಲ್ಲ ಪಟ್ಟಿ ಬರುತ್ತದೆ. ಕೆಜಿಪಿ ಎನ್ನುವುದೇ ನುಡಿಯದು. ಬರಹ ಎಂಬ ಸಾಫ್ಟ್‌ವೇರ್‌ನ ಥರ ಇಂಗ್ಲಿಷ್ ಉಚ್ಚಾರಣೆಯಲ್ಲೇ ಹೊಡೆಯುವವರಿಗೆ ಐಟ್ರಾನ್ಸ್ ಹತ್ತಿರವಾಗುತ್ತದೆ. ಇಷ್ಟು ಮಾಡಿದ ಮೇಲೂ ಬರಲಿಲ್ಲ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದ ಮೇಲೆ ಬಂತು. ಆಮೇಲೆ ಅದು ಬ್ರೌಸರ್‌ನಲ್ಲೂ, ವರ್ಡ್‌ನಂಥ ಕೆಲಸಕ್ಕಿರುವ ಲಿಬ್ರೆ ಆಫೀಸ್‌ನಲ್ಲೂ, ಫೈಲಿನ ಹೆಸರಿನಲ್ಲೂ ಒಂದೇ ಥರ ನಡೆಯುತ್ತಿದೆ. ಹೊಡೆದದ್ದೆಲ್ಲ ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ, ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಸಂಕೇತ ಪದ್ಧತಿ.

ಆ ಯುನಿಕೋಡ್ ಎಂಬ ಮಾತಿನಲ್ಲೇ ನನ್ನ ಅಸಲಿ ಕಷ್ಟ ಇದ್ದದ್ದು. ವೈಫೈ, ಗಡಿಯಾರ, ಫಾಂಟ್ ಎಲ್ಲಕ್ಕೂ ಎಲ್ಲೋ ಯಾರೋ ಉತ್ತರ ಬರೆದಿಟ್ಟಿದ್ದರು. ನನ್ನ ಹಳೇ ಫೈಲುಗಳಿಗೆ ಬರೆದಿಟ್ಟಿರಲಿಲ್ಲ. ಲಿನಕ್ಸ್‌ಗೂ ಆ ಕಷ್ಟಕ್ಕೂ ಸಂಬಂಧವೇ ಇಲ್ಲ ಎಂದು ಗೊತ್ತಾದದ್ದು ಸ್ವಲ್ಪ ತಡವಾಗಿ.

ಬಹಳ ಹಿಂದೆ ಪುಟ ಕಟ್ಟಿದ್ದ ಒಂದು ಕಾದಂಬರಿಯ ವರ್ಡ್ ಫೈಲ್ ತೆರೆದೆ. ಮರುಮುದ್ರಣಕ್ಕೆ ಲೇಖಕರು ಕೇಳಿದ್ದರು. ಪರದೆಯ ತುಂಬ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳು. 'ಕನ್ನಡ' ಎಂದು ಇರಬೇಕಾದ ಕಡೆ ಪಿ, ಗೆರೆಯ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೆರೆಯ ಎ, ಜರ್ಮನ್ ಅಕ್ಷರ ಒಂದು, ಕ್ಯು, ಮತ್ತೆ ಗೆರೆಯ ಎ. ಡಿಟಿಪಿ ಮಾಡುವವರಿಗೆಲ್ಲ ಈ ದೃಶ್ಯ ಪರಿಚಿತ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನುಡಿ ಫೈಲು ಹೀಗೇ ಕಾಣುತ್ತದೆ.

ಹಳೇ ನುಡಿ, ಬರಹ, ಶ್ರೀಲಿಪಿ ಎಲ್ಲದರ ಒಳಗಿನ ಉಪಾಯ ಒಂದೇ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದರು. ಅಚ್ಚುಮೊಳೆಯ ಕೇಸಿನಲ್ಲಿ ಅಕ್ಷರ ಒಂದು ಮನೆ, ಒತ್ತು ಇನ್ನೊಂದು ಮನೆ ಇರುತ್ತಿತ್ತಲ್ಲ, ಹಾಗೆಯೇ. ನುಡಿಯಲ್ಲಿ ಕ ಎಂದರೆ ಎರಡು ತುಂಡು, ಕೆಳಗಿನ ಮೈ ಒಂದು, ತಲೆಕಟ್ಟು ಒಂದು. ಯ ಎಂಬ ಒಂದು ಅಕ್ಷರಕ್ಕೆ ನಾಲ್ಕು ಸಂಕೇತ. ಮ ಎಂದರೆ ಕಂಪ್ಯೂಟರ್‌ನ ಲೆಕ್ಕದಲ್ಲಿ ವ ಜೊತೆಗೆ ಒಂದು ಕೊಂಬು. ಹಾಗಾಗಿ ಅಂಥ ಫೈಲಿನಲ್ಲಿ ವ ಹುಡುಕಿದರೆ ಮ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಲ್ಲುತ್ತದೆ. ಫೈಲಿನೊಳಗೆ ಕನ್ನಡ ಎಂಬುದೇ ಇಲ್ಲ, ಕನ್ನಡದಂತೆ ಕಾಣುವುದು ಫಾಂಟ್‌ನ ದಯೆಯಿಂದ. ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ, ಹಾಗಾಗಿ ಯಾರನ್ನೂ ದೂರುವುದಿಲ್ಲ. ಇಲ್ಲೊಂದು ತಮಾಷೆ ನೋಡಿ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ, ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ ಅದೇ ವರ್ಷ. ನಮ್ಮ ಪ್ರೆಸ್‌ಗಳಿಗೆ ಎರಡೂ ತಲುಪಲು ಇಷ್ಟು ಕಾಲ ಹಿಡಿಯಿತು.

ಮೊದಲ ಪರಿಹಾರ ಸುಲಭ. ವಿಂಡೋಸ್‌ನಲ್ಲಿದ್ದ ನುಡಿಯ ಹಳೇ ಟಿಟಿಎಫ್ ಫಾಂಟುಗಳನ್ನು ತಂದು ಲಿನಕ್ಸ್‌ನ ಫಾಂಟ್ ಫೋಲ್ಡರ್‌ಗೆ ಹಾಕುವುದು. ಆ ಫೋಲ್ಡರ್ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರ್‌ನೊಳಗಿದೆ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಹಾಕಿದ ತಕ್ಷಣ ಕಾದಂಬರಿ ಕನ್ನಡವಾಯಿತು. ಓದಬಹುದು, ಪಿಡಿಎಫ್ ಮಾಡಬಹುದು. ತಿದ್ದುವುದಕ್ಕೆ ಆಗುವುದಿಲ್ಲ. ಏಕೆಂದರೆ ನಾನು ಈಗ ಹೊಡೆಯುವುದು ಯುನಿಕೋಡ್, ಫೈಲಿನಲ್ಲಿರುವುದು ತುಂಡುಗಳು. ಮಧ್ಯೆ ಒಂದು ಪದ ಸೇರಿಸಿದರೆ ಅದು ಬೇರೆ ಫಾಂಟ್‌ನಲ್ಲಿ, ಬೇರೆ ದಪ್ಪದಲ್ಲಿ ಎದ್ದು ಕಾಣುತ್ತದೆ.

ಹಾಗಾಗಿ ಪರಿವರ್ತನೆಯೇ ಗತಿ. ನುಡಿ ಸಂಕೇತದಿಂದ ಯುನಿಕೋಡ್‌ಗೆ ಬದಲಿಸುವ ಸಾಧನಗಳು ಇವೆ, ಬ್ರೌಸರ್‌ನಲ್ಲೇ ಅಂಟಿಸಿ ಬದಲಿಸುವಂಥವು. ಬರೀ ಕನ್ನಡ ಇರುವ ಪುಟವಾದರೆ ಬೆರಗಾಗುವಷ್ಟು ಸರಿಯಾಗಿ ಬರುತ್ತದೆ. ಗೋಳು ಶುರುವಾಗುವುದು ಇಂಗ್ಲಿಷ್ ಬೆರೆತ ಕಡೆ. ಸಾಧನಕ್ಕೆ ಪಿ ಎಂದರೆ ಕ್ ಮಾತ್ರ. ಅದು ಇಂಗ್ಲಿಷ್ ಪದದ ಪಿ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದು ಫಾಂಟ್‌ನ ಹೆಸರಿನಿಂದ, ಅಂಟಿಸುವಾಗ ಆ ಹೆಸರು ಉದುರಿಹೋಗಿರುತ್ತದೆ. ಪುಸ್ತಕದ ಒಳಪುಟದಲ್ಲಿ ಐಎಸ್‌ಬಿಎನ್ ಎಂಬುದು, ಪ್ರಕಾಶಕರ ಇಮೇಲ್ ವಿಳಾಸ, ಅಡಿಟಿಪ್ಪಣಿಯ ಇಂಗ್ಲಿಷ್ ಪುಸ್ತಕಗಳ ಹೆಸರು, ಎಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿದ್ದವು.

ಅಂಕಿಗಳದ್ದು ಇನ್ನೊಂದು ಕಥೆ. ನುಡಿ ಫಾಂಟುಗಳಲ್ಲಿ ಹೆಸರಿನ ಕೊನೆಗೆ ಇ ಇರುವವು, ಕೆ ಇರುವವು ಎಂದು ಎರಡು ಜಾತಿ. ಇ ಇದ್ದರೆ ಅಂಕಿ ಇಂಗ್ಲಿಷ್‌ನಲ್ಲಿ, ಕೆ ಇದ್ದರೆ ಕನ್ನಡದಲ್ಲಿ. ಫೈಲಿನೊಳಗೆ ಎರಡೂ ಒಂದೇ. ಕನ್ನಡ ಅಂಕಿಗಳಲ್ಲಿ ಅಧ್ಯಾಯದ ಸಂಖ್ಯೆ ಹಾಕಿದ್ದ ಪುಸ್ತಕ ಪರಿವರ್ತನೆಯ ನಂತರ ಇಂಗ್ಲಿಷ್ ಅಂಕಿ ತೋರಿಸುತ್ತಿತ್ತು. ಸಣ್ಣದು ಅನ್ನಿಸಬಹುದು, ಆದರೆ ನಮ್ಮ ಕೆಲಸದಲ್ಲಿ ಲೇಖಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕೊನೆಗೆ ನಾನು ಕಂಡುಕೊಂಡ ಕ್ರಮ ಇದು. ಲಿಬ್ರೆ ಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಬಹುದು. ಟೈಮ್ಸ್ ನ್ಯೂ ರೋಮನ್‌ನಲ್ಲಿರುವ ಇಂಗ್ಲಿಷ್ ತುಣುಕುಗಳನ್ನೆಲ್ಲ ಮೊದಲು ಹುಡುಕಿ, ಅವುಗಳ ಜಾಗದಲ್ಲಿ ಗುರುತಿಗೆ ಅಂಕಿಯೊಂದನ್ನು ಇಟ್ಟು, ಇಂಗ್ಲಿಷನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಂಡೆ. ಉಳಿದದ್ದು ಶುದ್ಧ ಕನ್ನಡ. ಅದನ್ನು ಪರಿವರ್ತಿಸಿ, ಗುರುತುಗಳ ಜಾಗಕ್ಕೆ ಇಂಗ್ಲಿಷ್ ವಾಪಸ್ ಕೂರಿಸಿದೆ. ಬೇಜಾರಿನ ಕೆಲಸ. ಆದರೆ ಇಡೀ ಪುಸ್ತಕ ಮತ್ತೆ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ. ಅದಾದ ಮೇಲೂ ಒಂದು ಸಲ ಪೂರ್ತಿ ಕರಡು ಓದಲೇಬೇಕು. ಅರ್ಕಾವೊತ್ತು ಇರುವ ಪದಗಳ ಮೇಲೆ ವಿಶೇಷ ಕಣ್ಣಿರಲಿ.

ಎಲ್ಲ ಫೈಲನ್ನೂ ಬದಲಿಸಲು ಹೋಗಲಿಲ್ಲ. ಬೇಕಾದಾಗ ಬೇಕಾದ್ದನ್ನು ಮಾತ್ರ. ಹಾಗೆ ಬದಲಿಸಿದ ಪುಸ್ತಕಗಳೆಲ್ಲ ಈಗ ಒಂದು ಫೋಲ್ಡರ್‌ನಲ್ಲಿವೆ. ಒಬ್ಬ ಲೇಖಕರು 'ತೋಟ' ಎಂದು ಬರೆಯುತ್ತಾರೋ 'ತೋಂಟ' ಎಂದೋ, ಹಿಂದಿನ ಪುಸ್ತಕದಲ್ಲಿ ಏನು ಮಾಡಿದ್ದೆವು ಎಂದು ನೋಡಬೇಕಾದರೆ ಕನ್ನಡದಲ್ಲೇ ಹುಡುಕಿದರೆ ಸಾಕು. ಯಾವ ಫೈಲಿನಲ್ಲಿದೆ ಎಂದು ತೋರಿಸುತ್ತದೆ. ಇಷ್ಟು ವರ್ಷ ಕನ್ನಡದಲ್ಲೇ ಕೆಲಸ ಮಾಡಿ, ನನ್ನದೇ ಫೈಲುಗಳಲ್ಲಿ ಒಂದು ಕನ್ನಡ ಪದ ಹುಡುಕಲು ನನಗೆ ಆಗುತ್ತಿರಲಿಲ್ಲ ಎಂದರೆ ನಂಬುತ್ತೀರಾ?

ಇನ್ನು ಪುಟ ಕಟ್ಟುವ ಕೆಲಸ. ಸಣ್ಣ ಊರಿನ ಪ್ರೆಸ್‌ಗಳಲ್ಲಿ ಇಂದಿಗೂ ಪೇಜ್‌ಮೇಕರ್ 7 ಓಡುತ್ತಿದೆ. ಅದು 2001ರದ್ದು, ಆಮೇಲೆ ಹೊಸ ಆವೃತ್ತಿ ಬರಲೇ ಇಲ್ಲ. ಪೇಜ್‌ಮೇಕರ್ ಫೈಲನ್ನು ಲಿಬ್ರೆ ಆಫೀಸ್‌ನ ಡ್ರಾ ತೆರೆಯುತ್ತದೆ ಎಂದು ಗೊತ್ತಾದಾಗ ನಾನೇ ನಂಬಲಿಲ್ಲ. ತೆರೆಯಿತು. ಚಿತ್ರ, ಗೆರೆ, ಪಠ್ಯ ಹೆಚ್ಚೂ ಕಡಿಮೆ ತಮ್ಮ ತಮ್ಮ ಜಾಗದಲ್ಲಿದ್ದವು. ಒಳಗಿನ ಅಕ್ಷರ ಮಾತ್ರ ಅದೇ ನುಡಿಯ ತುಂಡುಗಳು. ಹೊಸ ಪುಸ್ತಕಗಳಿಗೆ ಸ್ಕ್ರೈಬಸ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರ್ ಹಿಡಿದಿದ್ದೇನೆ. ಇದರ 1.4 ಸರಣಿಯಲ್ಲಿ ಕನ್ನಡದ ಒತ್ತಕ್ಷರ ಕೂಡಿಕೊಳ್ಳುತ್ತಿರಲಿಲ್ಲ. 2024ರಲ್ಲಿ ಬಂದ 1.6ರಲ್ಲಿ ಸರಿಯಾಗಿ ಬರುತ್ತದೆ. ಹಳೇ ಅಭಿಪ್ರಾಯ ಇಟ್ಟುಕೊಂಡು ಸ್ಕ್ರೈಬಸ್ ಬೇಡ ಎನ್ನುವವರು ಮತ್ತೊಮ್ಮೆ ನೋಡಬೇಕು. ಪೇಜ್‌ಮೇಕರ್‌ನಷ್ಟು ಕೈಗೆ ಬಗ್ಗುವುದಿಲ್ಲ, ನಿಜ. ಮೆನುಗಳಲ್ಲಿ ಬೇಕಾದ್ದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಆದರೆ ಅದು ಮಾಡಿಕೊಡುವ ಪಿಡಿಎಫ್‌ ಬಗ್ಗೆ ಪ್ರೆಸ್‌ನವರು ಇದುವರೆಗೆ ತಕರಾರು ಮಾಡಿಲ್ಲ.

ಪ್ರಿಂಟರ್ ವಿಷಯ ಬೇಗ ಮುಗಿಸುತ್ತೇನೆ, ನೆನಪಾದರೆ ತಲೆ ಬಿಸಿಯಾಗುತ್ತದೆ. ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಸಣ್ಣ ಲೇಸರ್ ಪ್ರಿಂಟರ್ ನನ್ನದು. ಅದು ಗಟ್ಟಿ ಮುಟ್ಟು, ಆದರೆ ಕಂಪನಿಯ ಸ್ವಂತ ಭಾಷೆಯಲ್ಲಿ ಮಾತ್ರ ಮಾತಾಡುತ್ತದೆ. ಹೊಸ ಪ್ರಿಂಟರ್‌ಗಳಾದರೆ ವೈಫೈಯಲ್ಲಿ ಇದ್ದರೆ ಸಾಕು, ಡ್ರೈವರ್ ಇಲ್ಲದೆಯೇ ಲಿನಕ್ಸ್ ಗುರುತು ಹಿಡಿಯುತ್ತದೆ. ಪಕ್ಕದ ಮನೆಯವರ ಪ್ರಿಂಟರ್‌ನಲ್ಲಿ ನಾನೇ ನೋಡಿದೆ, ಕೇಳಿದ್ದು ಒಂದು ಕ್ಲಿಕ್. ನನ್ನದಕ್ಕೆ ಕಂಪನಿಯದೇ ಲಿನಕ್ಸ್ ಡ್ರೈವರ್ ಇದೆ, ಆದರೆ ಅದು ಹಳೇದು. ಹಾಕಿದರೆ ಒಂದೊಂದು ಸಲ ಪ್ರಿಂಟ್ ಆಗುತ್ತದೆ, ಒಂದೊಂದು ಸಲ ಇಲ್ಲ. ಈಗ ಪಿಡಿಎಫ್ ಮಾಡಿ ವಿಂಡೋಸ್‌ಗೆ ಹೋಗಿ ಪ್ರಿಂಟ್ ಕೊಡುತ್ತೇನೆ. ಸೋಲು ಎನ್ನಿ ಬೇಕಾದರೆ.

ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಲಿನಕ್ಸ್‌ಗೆ ಹೋಗುವ ಮುಂಚೆ ವಿಂಡೋಸ್‌ನಲ್ಲೇ ಲಿಬ್ರೆ ಆಫೀಸ್, ಸ್ಕ್ರೈಬಸ್ ಹಾಕಿ ಸ್ವಲ್ಪ ದಿನ ಅದರಲ್ಲೇ ಕೆಲಸ ಮಾಡಿ. ಎರಡೂ ಅಲ್ಲೂ ಓಡುತ್ತವೆ. ಟ್ಯಾಲಿ ಬಳಸುವವರು ವಿಂಡೋಸ್ ಅಳಿಸಬೇಡಿ, ಅದು ವಿಂಡೋಸ್‌ಗೆಂದೇ ಮಾಡಿದ್ದು. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬುದಿದೆ, ಮೊದಲ ದಿನವೇ ಆನ್ ಮಾಡಿ. ಏನಾದರೂ ಕೆಟ್ಟರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಆದರೆ ಅದು ಕಾಯುವುದು ಸಿಸ್ಟಮನ್ನು, ನಿಮ್ಮ ಫೈಲುಗಳನ್ನಲ್ಲ. ಅವನ್ನು ಬೇರೆಯಾಗಿ ಕಾಪಿ ಮಾಡಿಟ್ಟುಕೊಳ್ಳಬೇಕು.

ದೀಪಾವಳಿಗೆ ಬಂದ ಅಕ್ಕನ ಮಗ ಲ್ಯಾಪ್‌ಟಾಪ್ ನೋಡಿ, "ಮಾವ, ಇನ್ನೂ ಯಾಕೆ ವಿಂಡೋಸ್ ಇಟ್ಕೊಂಡಿದ್ದೀರಾ? ತೆಗೆದುಬಿಡಲಾ?" ಎಂದ. ಪ್ರಿಂಟರ್ ತೋರಿಸಿದೆ. ಶ್ರೀಲಿಪಿಯಲ್ಲಿರುವ ಫೈಲುಗಳ ಫೋಲ್ಡರ್ ತೋರಿಸಿದೆ. ಅದರ ಸಂಕೇತಗಳು ನುಡಿಗಿಂತ ಬೇರೆ, ನುಡಿಯ ಪರಿವರ್ತಕ ಅದಕ್ಕೆ ನಡೆಯುವುದಿಲ್ಲ. "ಇದಕ್ಕೊಂದು ಪ್ರೋಗ್ರಾಂ ಬರೆದುಕೊಡು, ಆಮೇಲೆ ತೆಗಿ" ಎಂದೆ. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದಾನೆ.